ಪಾಯವಿಲ್ಲದೆ ನಿಂತ ಹೊತ್ತು

ಗೆಳೆಯರ ನಡುವೆ ಯಾರಾದರೂ ತಮಗಾದ ವಿಚಿತ್ರ ಅನುಭವವನ್ನು ಹೇಳತೊಡಗಿದರೆ, ಅದು ಮುಗಿಯುವ ಮೊದಲೇ ಕಾರಣ ಹುಡುಕಿಕೊಡುವವನು ನಾನು. ಬಾಗಿಲು ತಾನಾಗಿ ತೆರೆದುಕೊಂಡಿತೆಂದರೆ ಗಾಳಿಯ ಒತ್ತಡ, ಸತ್ತವರ ದನಿ ಕೇಳಿತೆಂದರೆ ನಿದ್ದೆಗೆಟ್ಟ ಮಿದುಳು. ಹೀಗೆ ಎಷ್ಟು ಜನರ ಕತೆ ಕೆಡಿಸಿದ್ದೇನೋ ಗೊತ್ತಿಲ್ಲ. ನಾನಿದ್ದ ಕಡೆ ದೆವ್ವಗಳೂ ಬೇಸರಪಟ್ಟು ಎದ್ದು ಹೋಗುತ್ತವೆ ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ. ಹಾಗಾಗಿ ಇದನ್ನು ಬರೆಯುತ್ತಿರುವುದು ನನಗೇ ಮುಜುಗರ. ಓದುವವರು ನಂಬಲಿ ಎಂಬ ಆಸೆಯಿಂದ ಬರೆಯುತ್ತಿಲ್ಲ. ನಾನೇ ಪೂರ್ತಿ ನಂಬಿಲ್ಲ. ಆದರೆ ಕೆಲವು ವರ್ಷಗಳಿಂದ ತಲೆಯೊಳಗೆ ತಿರುಗಿಸುತ್ತಾ ಬಂದ ಒಂದು ಸಂಗತಿಯ ಅಂಚುಗಳು ಸವೆಯುತ್ತಿವೆ. ಪೂರ್ತಿ ಸವೆದು ಹೋಗುವ ಮೊದಲು ನಡೆದದ್ದನ್ನು ನಡೆದ ಹಾಗೆ, ಅಥವಾ ನಡೆದಂತೆ ನನಗೆ ತೋರುವ ಹಾಗೆ, ಒಮ್ಮೆ ಇಟ್ಟುಬಿಡೋಣ ಅನಿಸಿತು.

ಇದು ರಾತ್ರಿ ನಡೆದದ್ದಲ್ಲ, ಮಟಮಟ ಮಧ್ಯಾಹ್ನ ನಡೆದದ್ದು. ನಾವಿದ್ದ ಜಾಗದಲ್ಲಿ ಹಗಲಿಗೂ ರಾತ್ರಿಗೂ ವ್ಯತ್ಯಾಸ ಇರಲಿಲ್ಲ ಎಂಬುದು ಬೇರೆ ಮಾತು.

ಆಗ ನಾನು ಠಾಣೆಯ ಖಾಡಿಯ ತಳದಲ್ಲಿ ಹಾಕುತ್ತಿದ್ದ ಒಂದು ಸುರಂಗದ ಕೆಲಸದಲ್ಲಿದ್ದೆ. ಖಾಡಿಯೆಂದರೆ ಠಾಣೆಗೂ ನವಿ ಮುಂಬಯಿಗೂ ನಡುವೆ ಒಳನುಗ್ಗಿದ ಸಮುದ್ರದ ತೋಳು. ರೈಲು ಕಾರು ಓಡುವ ಸುರಂಗವಲ್ಲ. ನೀರಿನ ಕೊಳವೆ, ವಿದ್ಯುತ್ ಕೇಬಲ್‌ಗಳನ್ನು ಆಚೆ ದಡಕ್ಕೆ ದಾಟಿಸುವ ಸಣ್ಣದೊಂದು. ಅದನ್ನು ನೆಲ ಕೊರೆದು ಮಾಡುವುದಲ್ಲ, ಮುಳುಗಿಸಿ ಮಾಡುವುದು. ದಡದಲ್ಲಿ ಕಾಂಕ್ರೀಟಿನ ಉದ್ದನೆಯ ಪೆಟ್ಟಿಗೆಗಳನ್ನು ಎರಕ ಹೊಯ್ದು, ಎರಡೂ ತುದಿ ಮುಚ್ಚಿ, ದೋಣಿಯ ಹಾಗೆ ತೇಲಿಸಿಕೊಂಡು ಬಂದು, ಖಾಡಿಯ ತಳದಲ್ಲಿ ಮೊದಲೇ ತೋಡಿಟ್ಟ ಕಾಲುವೆಯೊಳಗೆ ಇಳಿಸಿ, ಒಂದರ ಬಾಯಿಗೆ ಇನ್ನೊಂದನ್ನು ಕೂಡಿಸುತ್ತಾ ಹೋಗಬೇಕು.

ನನ್ನ ಪಾಲಿಗೆ ಬಂದದ್ದು ಅದರ ಪಾಯ. ತೋಡಿದ ಕಾಲುವೆಯ ತಳ ಎಂದೂ ಸಮವಾಗಿರುವುದಿಲ್ಲ. ಪೆಟ್ಟಿಗೆಯನ್ನು ಹಾಗೇ ಕೂರಿಸಿದರೆ ಕುಂಟು ಮಂಚದ ಹಾಗೆ ಅಲುಗಾಡಿ ಕೊನೆಗೆ ಬಿರುಕು ಬಿಡುತ್ತದೆ. ಮೊದಲೇ ಜಲ್ಲಿಯ ಹಾಸು ಹಾಕಿ, ಮಟ್ಟ ಮಾಡಿ, ಅದರ ಮೇಲೆ ಪೆಟ್ಟಿಗೆ ಇಡುವುದು ಒಂದು ದಾರಿ. ಆದರೆ ನಮ್ಮ ಖಾಡಿಯಲ್ಲಿ ಒಂದು ಉಬ್ಬರ ಬಂದು ಹೋಗುವಷ್ಟರಲ್ಲಿ ಹಾಸಿನ ಮೇಲೆ ಕೆಸರು ಕೂತುಬಿಡುತ್ತದೆ. ಅದಕ್ಕೆ ನಾವು ಇನ್ನೊಂದು ದಾರಿ ಹಿಡಿದೆವು. ಪೆಟ್ಟಿಗೆಯನ್ನು ತಾತ್ಕಾಲಿಕವಾಗಿ ಜ್ಯಾಕ್‌ಗಳ ಮೇಲೆ ನಿಲ್ಲಿಸಿ, ಅದರ ನೆಲದಲ್ಲಿರುವ ತೂತುಗಳಿಂದ ಮರಳು ಬೆರೆತ ನೀರನ್ನು ಅಡಿಗೆ ಪಂಪ್ ಮಾಡುವುದು. ಮರಳು ಕಾವಲಿಯ ಮೇಲೆ ಹೊಯ್ದ ದೋಸೆ ಹಿಟ್ಟಿನಂತೆ ದುಂಡಗೆ ಹರಡಿ ದಪ್ಪವಾಗುತ್ತಾ ಪೆಟ್ಟಿಗೆಯ ಹೊಟ್ಟೆಗೆ ಮುಟ್ಟುತ್ತದೆ. ಒಂದು ತೂತಿನ ದೋಸೆ ಪಕ್ಕದ ದೋಸೆಗೆ ಕೂಡಬೇಕು. ಎಲ್ಲ ತುಂಬಿದ ಮೇಲೆ ಜ್ಯಾಕ್‌ನ ಎಣ್ಣೆ ಬಿಟ್ಟರೆ ಪೆಟ್ಟಿಗೆ ಮೆಲ್ಲನೆ ಇಳಿದು ಮರಳಿನ ಮೇಲೆ ಕೂರುತ್ತದೆ. ಕೆಲವೊಮ್ಮೆ ದೋಸೆಗಳು ಕೂಡುವ ಮೂಲೆಯಲ್ಲಿ ಕೆಸರು ಸಿಕ್ಕಿಕೊಂಡು ಅಲ್ಲಿ ಟೊಳ್ಳು ಉಳಿಯುತ್ತದೆ. ಅದೇ ನಮ್ಮ ಶತ್ರು. ಮರಳು ನೀರಿನಲ್ಲಿ ಹರಿಯುವ ಬಗೆಯ ಮೇಲೆ ನಾನು ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಕೂತು, ಅರ್ಧಕ್ಕೆ ಎದ್ದು ಬಂದವನು. ಕೂತಲ್ಲಿ ಕೂರುವ ಸ್ವಭಾವ ನನ್ನದಲ್ಲ.

ಜ್ಯಾಕ್ ನೋಡಿಕೊಳ್ಳುತ್ತಿದ್ದವನು ಬಸವರಾಜ. ಕಲಬುರಗಿ ಕಡೆಯವನು, ವಿಠ್ಠಲವಾಡಿಯಲ್ಲಿ ಊರಿನವರ ಜೊತೆ ಖೋಲಿ ಮಾಡಿಕೊಂಡಿದ್ದ. ಈ ಪದ್ಧತಿ ಅವನಿಗೆ ಕೊನೆಯವರೆಗೂ ಒಗ್ಗಲಿಲ್ಲ. "ಮನಿ ಕಟ್ಟಿ ಆದಮ್ಯಾಲ ಪಾಯಾ ಹಾಕ್ತಾರೇನ್ರೀ ಸಾಹೇಬ್ರ? ಯಾವ ಊರ ಪದ್ಧತಿರೀ ಇದು?" ಎಂದು ಪ್ರತಿ ಪೆಟ್ಟಿಗೆಗೂ ಕೇಳುತ್ತಿದ್ದ. ಅದಕ್ಕೆ ಉತ್ತರ ಕೊಡುತ್ತಿದ್ದವರು ನಮ್ಮ ಡೈವರ್ ದಯಾನಂದ. ಉಡುಪಿ ಕಡೆಯವರು, ಸಾನಪಾಡಾದಲ್ಲಿ ಮನೆ, ವಯಸ್ಸು ಐವತ್ತರ ಹತ್ತಿರ. "ನಿನಗೆ ಹೆಣ್ಣು ಕೊಟ್ಟ ಮೇಲೆ ಗುಣ ನೋಡಿದ್ದಲ್ವಾ ಮಾರಾಯ? ಹಾಗೆಯೇ ಇದು," ಎನ್ನುತ್ತಿದ್ದರು.

ಇಲ್ಲಿ ಎರಡು ಸಣ್ಣ ಸಂಗತಿಗಳನ್ನು ಹೇಳಲೇಬೇಕು. ಮುಂದಿನದ್ದೆಲ್ಲ ನಡೆದದ್ದು ಅವೆರಡೂ ಒಂದಕ್ಕೊಂದು ತಾಗಿದ್ದರಿಂದ.

ಒಂದು, ಚಪ್ಪಲಿ. ನೀರಿಗಿಳಿಯುವವರು ತಮ್ಮ ಹೆಸರಿನ ಬಿಲ್ಲೆಯನ್ನು ಹಲಗೆಗೆ ಸಿಕ್ಕಿಸಿ ಹೋಗಬೇಕೆಂಬ ನಿಯಮ ಇತ್ತು. ಆದರೆ ಒದ್ದೆ ಕೈಯಲ್ಲಿ ಬಿಲ್ಲೆ ಹಿಡಿಯುವ ಉಸಾಬರಿ ಯಾರಿಗೂ ಬೇಡ. ಡೈವರ್‌ಗಳ ದೋಣಿ ಪಂಟೂನಿನ ಆಚೆ ಮಗ್ಗುಲಲ್ಲಿ, ಕಣ್ಣಿಗೆ ಬೀಳದ ಕಡೆ ಇರುತ್ತಿತ್ತು. ಪಂಟೂನೆಂದರೆ ಖಾಡಿಯ ಮೇಲೆ ತೇಲುತ್ತಿದ್ದ ನಮ್ಮ ಅಂಗಳ. ಅಲ್ಲಿಂದ ದೋಣಿಗೆ ಹಾಕಿದ ಹಲಗೆಯ ಬುಡದಲ್ಲಿ ದಯಾನಂದ ಚಪ್ಪಲಿ ಬಿಟ್ಟು ಹೋಗುತ್ತಿದ್ದರು. ನೀಲಿ ಅಟ್ಟೆ, ಕೆಂಪು ಬಾರು. ಅವು ಅಲ್ಲಿದ್ದರೆ ಅವರು ನೀರಲ್ಲಿದ್ದಾರೆ. ಇಲ್ಲದಿದ್ದರೆ ಮೇಲೆ ಬಂದು, ಮೆಟ್ಟಿಕೊಂಡು, ಚಹಾಕ್ಕೆ ಹೋಗಿದ್ದಾರೆ. ಪಂಟೂನಿನ ಮೇಲ್ವಿಚಾರಕ ಕದಂ ಸೇರಿದಂತೆ ಎಲ್ಲರೂ ನೋಡುತ್ತಿದ್ದದ್ದು ಬಿಲ್ಲೆಯನ್ನಲ್ಲ, ಚಪ್ಪಲಿಯನ್ನು. ಅದು ಎಂದೂ ತಪ್ಪಿರಲಿಲ್ಲ.

ಇನ್ನೊಂದು, ಪೂಜೆ. ಇದೆಲ್ಲ ನಡೆದ ಆ ಪೆಟ್ಟಿಗೆಗಾದರೂ ಪಾಯದ ಪೂಜೆ ಆಗಲೇಬೇಕೆಂದು ಬಸವರಾಜನ ಕಡೆಯವರು ಪಟ್ಟು ಹಿಡಿದಿದ್ದರು. ಪಾಯ ಇರುವುದು ನೀರಿನಡಿ, ಪೆಟ್ಟಿಗೆಯ ಹೊಟ್ಟೆಯ ಕೆಳಗೆ. ಕೊನೆಗೆ ಪಂಟೂನಿನ ಮೇಲೆ ಮರಳು ಸುರಿಯುವ ಕೊಪ್ಪರಿಗೆಯ ಪಕ್ಕ ಪೂಜೆ ಮಾಡಿ, ಅದಕ್ಕೇ ಅರಿಸಿನ ಕುಂಕುಮ ಒಂದು ಹಿಡಿ ಜೋಳ ಹಾಕುವುದು, ಪಂಪು ಅದನ್ನು ಪಾಯಕ್ಕೆ ಮುಟ್ಟಿಸುತ್ತದೆ ಎಂದು ತೀರ್ಮಾನವಾಯಿತು. ಅರಿಸಿನ ಹಾಕಿ, ಜೋಳ ಬೇಡ, ಕೊಳೆತರೆ ಮರಳಿನಲ್ಲಿ ಟೊಳ್ಳಾಗುತ್ತದೆ ಎಂದೆ. "ಕೊಳೆಯುದಲ್ಲ ಸಾರ್, ಮೊಳಕೆ ಬಂದ್ರೆ ಎಂತ ಮಾಡುದು? ನಿಮ್ಮ ಟನಲ್ ಮೇಲೆ ಏಳ್ತದೆ," ಎಂದರು ದಯಾನಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ದಿನ ಮರಳು ತುಂಬಿ ಮುಗಿಯುವ ಹೊತ್ತಿಗೆ ಪೂಜೆಯೂ ನಡೆಯುತ್ತಿತ್ತು. ದಯಾನಂದ ಒಮ್ಮೆ ಇಳಿದು ಪೆಟ್ಟಿಗೆಯ ಅಂಚನ್ನು ತಡವಿ ಬಂದು ಎಲ್ಲ ಸರಿ ಎಂದಿದ್ದರು. ಆಮೇಲೆ ದೋಣಿಯಲ್ಲೇ ಕೂತಿದ್ದಾಗ ಒಂದು ಮೂಲೆಯ ಬಗ್ಗೆ ಅವರಿಗೆ ಅನುಮಾನ ಹುಟ್ಟಿತು. ಯಾರಿಗೂ ಹೇಳದೆ ಮತ್ತೆ ಇಳಿದರು. ಅನುಮಾನ ನಿಜವಾಗಿತ್ತು. ಅಲ್ಲಿ ಟೊಳ್ಳಿತ್ತು. ಎಲ್ಲಿಯವರೆಗಿದೆ ಎಂದು ನೋಡಲು ಅವರು ಬೆನ್ನ ಮೇಲೆ ಮಲಗಿ ಎದೆಯವರೆಗೂ ಪೆಟ್ಟಿಗೆಯ ಅಡಿಗೆ ಜಾರಿಕೊಂಡರು. ಮಾಡಬಾರದ ಕೆಲಸ. ಆ ಖಾಡಿಯ ನೀರಿನಲ್ಲಿ ಸ್ವಂತ ಅಂಗೈಯೂ ಕಾಣುವುದಿಲ್ಲ.

ಮೇಲೆ, ಪೂಜೆಯ ಜಾಗದ ಎದುರು ಚಪ್ಪಲಿ ಇರಬಾರದೆಂದು ಯಾರೋ ಹಲಗೆಯ ಬುಡದಲ್ಲಿದ್ದದ್ದನ್ನು ತೆಗೆದು ತಾಡಪಾಲಿನ ಹಿಂದೆ ಸಾಲಾಗಿ ಇಟ್ಟಿದ್ದರು. ಕದಂ ಎದ್ದು ನಿಂತು ನೋಡಿದ. ಚಪ್ಪಲಿ ಇಲ್ಲ. ಕೆಳಗಿದ್ದ ನಮಗೆ ಫೋನ್ ಮಾಡಿ, ಡೈವರ್ ಮೇಲಿದ್ದಾರೆ, ಜ್ಯಾಕ್ ಬಿಡಿ ಎಂದ. "ಡೈವರ್ ಊಪರ್ ಹೈ ಸಾಬ್, ಛೋಡ್ ದೋ."

ನಾನು ಮತ್ತು ಬಸವರಾಜ ಇಬ್ಬರೇ ಪೆಟ್ಟಿಗೆಯೊಳಗಿದ್ದೆವು. ನೀರಿನಿಂದ ಮೇಲೆ ಚಾಚಿದ ಒಂದು ಉಕ್ಕಿನ ಗೋಪುರದ ಏಣಿಯಿಂದ ಇಳಿದು ಬರಬೇಕು. ಒಳಗೆ ಎರಡು ದೀಪ, ಸಿಮೆಂಟಿನ ವಾಸನೆ, ಗೋಡೆಗಳಲ್ಲಿ ಬೆವರು. ಜ್ಯಾಕ್‌ನ ಕಂಬ, ತೊಡೆಯಷ್ಟು ದಪ್ಪದ ಉಕ್ಕಿನ ಕಂಬ, ನೆಲವನ್ನು ತೂರಿ ಕೆಳಗೆ ಹೋಗಿ ಖಾಡಿಯ ತಳದಲ್ಲಿಟ್ಟ ಕಾಂಕ್ರೀಟ್ ಹಲಗೆಯ ಮೇಲೆ ನಿಂತಿತ್ತು. ಅಂಥವು ಎರಡು. ಆಚೆ ಮೂಲೆಯದನ್ನು ಆಗಲೇ ಬಿಟ್ಟು, ಆ ಬದಿ ಮರಳಿನ ಮೇಲೆ ಕೂತಾಗಿತ್ತು. ಈ ಮೂಲೆ ಬಾಕಿ. ಎಣ್ಣೆ ಬಿಟ್ಟಂತೆ ಪೆಟ್ಟಿಗೆ ಇಳಿಯುತ್ತದೆ, ಕಂಬ ನೆಲದಿಂದ ಮೇಲೇಳುತ್ತದೆ. ಇಳಿಯುವುದು ಒಂದು ಗೇಣಿಗಿಂತ ಕಡಿಮೆ. ದಯಾನಂದರ ಎದೆಗೂ ಕಾಂಕ್ರೀಟಿಗೂ ನಡುವೆ ಇದ್ದ ಜಾಗ ಅದಕ್ಕಿಂತಲೂ ಕಡಿಮೆ.

ಬಸವರಾಜ ವಾಲ್ವ್ ತೆರೆದ. ಮಾಪಕದ ಮುಳ್ಳು ಇಳಿಯತೊಡಗಿತು. ಆಗ ಫೋನ್ ಮತ್ತೆ ಬಡಿದುಕೊಂಡಿತು. ಅದು ಜ್ಯಾಕ್‌ನಿಂದ ದೂರ, ಏಣಿಯ ಬುಡದ ಗೋಡೆಯಲ್ಲಿತ್ತು. ನಾನು ಓಡಿಹೋಗಿ ಎತ್ತಿದೆ. ಕದಂ ಕಿರುಚುತ್ತಿದ್ದ. ಪ್ರಸಾದ ತೆಗೆದುಕೊಳ್ಳಲು ಹೋದವನು ತಾಡಪಾಲಿನ ಹಿಂದೆ ನೀಲಿ ಚಪ್ಪಲಿ ಕಂಡಿದ್ದ. "ರುಕೋ! ರುಕೋ! ದಯಾನಂದ್ ನೀಚೇ ಹೈ!"

ನಿಲ್ಲಿಸು, ದಯಾನಂದ ಕೆಳಗಿದ್ದಾರೆ ಎಂದು ನಾನು ಅಲ್ಲಿಂದಲೇ ಕೂಗಿದೆ. ಬಸವರಾಜ ವಾಲ್ವ್ ತಿರುಗಿಸಿದ. ಅದು ಮುಚ್ಚಿಕೊಳ್ಳಲಿಲ್ಲ. ಒಳಗೆ ಏನೋ ಸಿಕ್ಕಿಕೊಂಡಿತ್ತು, ಮರಳಿನ ಕಾಳೇ ಇರಬೇಕು. ಸ್ಪ್ಯಾನರ್ ಹಾಕಿ ಮೈಯೆಲ್ಲ ಭಾರ ಬಿಟ್ಟು ಒತ್ತುತ್ತಿದ್ದ. ಎಣ್ಣೆ ಸೋರುತ್ತಲೇ ಇತ್ತು. "ನಿಂದ್ರವಲ್ದುರೀ ಸಾಹೇಬ್ರ, ನಿಂದ್ರವಲ್ದು!"

ನನ್ನ ನೆನಪಿನಲ್ಲಿ ಅತ್ಯಂತ ಸ್ಪಷ್ಟವಾಗಿರುವುದು ಮುಂದಿನದು. ಅದಕ್ಕೇ ಅದರ ಮೇಲೆ ನನಗೆ ಅನುಮಾನ. ಮುಳ್ಳು ಸೊನ್ನೆಗೆ ಬಂತು. ಸೊನ್ನೆಗೆ ಬಂದರೆ ಜ್ಯಾಕ್ ಏನನ್ನೂ ಹೊತ್ತಿಲ್ಲ ಎಂದರ್ಥ. ಆ ಮೂಲೆಯಡಿ ಮರಳಿಲ್ಲ, ಟೊಳ್ಳಿದೆ, ಅದರಲ್ಲಿ ಒಬ್ಬ ಮನುಷ್ಯ ಮಲಗಿದ್ದಾನೆ. ಪೆಟ್ಟಿಗೆ ನೀರಿಗಿಂತ ಸ್ವಲ್ಪವೇ ಭಾರ ನಿಜ. ಆದರೆ ಆ ಸ್ವಲ್ಪವೆಂದರೆ ಜನ ತುಂಬಿದ ಕೆಲವು ಲೋಕಲ್ ರೈಲಿನ ಡಬ್ಬಿಗಳಷ್ಟು. ಅದು ಇಳಿಯಬೇಕಿತ್ತು. ನಾನು ಹೋಗಿ ಎರಡೂ ಕೈಯಿಂದ ಕಂಬವನ್ನು ತಬ್ಬಿ ಹಿಡಿದುಕೊಂಡೆ. ಏಕೆ ಎಂದು ಕೇಳಬೇಡಿ. ಹೊರಟ ರೈಲಿನ ಬಾಗಿಲಲ್ಲಿ ಯಾರೋ ಓಡಿ ಬರುತ್ತಿದ್ದರೆ ಕೈ ತಾನಾಗಿ ಮುಂದೆ ಹೋಗುವುದಿಲ್ಲವೇ, ಹಾಗೆ. ಎಳೆಯಲಿಲ್ಲ, ಒತ್ತಲಿಲ್ಲ. ಬರೀ ಹಿಡಿದೆ.

ಪೆಟ್ಟಿಗೆ ಇಳಿಯಲಿಲ್ಲ.

ವಾಲುವಿಕೆ ನೋಡಲು ಛಾವಣಿಯಿಂದ ಒಂದು ತೂಗುಗುಂಡು ಇಳಿಬಿಟ್ಟಿದ್ದೆವು. ಮೊದಲು ಗುರುತಿನಿಂದ ಕೂದಲೆಳೆಯಷ್ಟು ಸರಿದದ್ದು ಅಲ್ಲೇ ನಿಂತಿತ್ತು. ಬಸವರಾಜ ಸ್ಪ್ಯಾನರ್ ಬಿಟ್ಟು ನನ್ನನ್ನೇ ನೋಡುತ್ತಿದ್ದ. ಎಷ್ಟು ಹೊತ್ತು ಎಂದು ಹೇಳಲಾರೆ. ನನಗೆ ಹೆದರಿಕೆ ಆಗಲಿಲ್ಲ. ದಯಾನಂದರ ಹೆಂಡತಿ ಮಕ್ಕಳು ನೆನಪಾಗಲಿಲ್ಲ, ದೇವರಂತೂ ನೆನಪಾಗಲಿಲ್ಲ. ಕೈ ಭಾರವಾಗಲಿಲ್ಲ, ನೋಯಲಿಲ್ಲ. ಮೊದಲು ಬೆರಳು, ಆಮೇಲೆ ಅಂಗೈ, ಆಮೇಲೆ ಮೊಣಕೈವರೆಗೆ, ಇದ್ದದ್ದು ಇಲ್ಲವಾಗುತ್ತಾ ಹೋಯಿತು. ಅಷ್ಟೇ. ಆಮೇಲೆ ದಯಾನಂದ ಮೇಲೆ ಬಂದರು ಎಂಬ ಮಾತು ಕೇಳಿತು. ನಾನು ಕೈ ಬಿಟ್ಟೆ. ಬಿಟ್ಟ ಕೈಗಳ ನಡುವೆಯೇ ಕಂಬ ಮೇಲೆದ್ದಿತು. ಕೆಳಗೆ ಯಾರೋ ಹಳೆಯ ಮಂಚದ ಮೇಲೆ ಮಗ್ಗುಲಾದಂಥ ಶಬ್ದ ಬಂತು. ತೂಗುಗುಂಡು ಜರುಗಿ ಬೇರೆ ಕಡೆ ನಿಂತಿತು.

ಮೇಲೆ ಬಂದಾಗ ದಯಾನಂದ ಚಪ್ಪಲಿ ಹುಡುಕುತ್ತಿದ್ದರು. ಅವರಿಗೆ ಆಗಿದ್ದು ಗೊತ್ತಾಗಿಯೇ ಇರಲಿಲ್ಲ ಎಂದುಕೊಂಡೆ. "ಯಾರಪ್ಪ ನನ್ನ ಮೆಟ್ಟು ಕದ್ದದ್ದು? ಪೂಜೆಗೆ ಬಂದವರಾ ಮೆಟ್ಟಿಗೆ ಬಂದವರಾ ನೀವು?" ಎಂದು ಬೈಯುತ್ತಿದ್ದರು. ಕದಂ ಒಂದು ಮೂಲೆಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ನಾನು ಅವತ್ತು ಡೊಂಬಿವಲಿಯ ಮನೆಗೆ ಹೋಗಿ ಊಟ ಮಾಡಿ ಮಲಗಿದೆ. ನಿದ್ದೆ ಬಂತು. ಊಟದ ಬಿಸಿ ಮಾತ್ರ ಕೈಗೆ ತಿಳಿಯಲಿಲ್ಲ.

ಮುಂದಿನ ದಿನಗಳಲ್ಲಿ ನಾನು ಕಾರಣ ಹುಡುಕಲು ಕೂತೆ. ಹುಡುಕಿದರೆ ಸಿಗುತ್ತವೆ. ಇಳಿತದ ಹೊತ್ತಿನಲ್ಲಿ ಖಾಡಿಯ ನೀರಿನಲ್ಲಿ ಕೆಸರು ಹೆಚ್ಚಿ ನೀರು ದಪ್ಪವಾಗುತ್ತದೆ, ದಪ್ಪ ನೀರು ಪೆಟ್ಟಿಗೆಯನ್ನು ಹೆಚ್ಚು ಎತ್ತುತ್ತದೆ. ಹಿಂದಿನ ಪೆಟ್ಟಿಗೆಯ ಜೊತೆ ಕೂಡುವ ಕಡೆ ರಬ್ಬರಿನ ದಪ್ಪ ಪಟ್ಟಿ ಇದೆ, ಅದು ಒಂದಿಷ್ಟು ಬಿಗಿ ಹಿಡಿಯುತ್ತದೆ. ಟೊಳ್ಳಿನ ಸುತ್ತಲ ಮರಳು ಸ್ವಲ್ಪ ಹೊತ್ತು ಕಮಾನಿನ ಹಾಗೆ ಭಾರ ಹೊತ್ತಿರಬಹುದು. ಮಾಪಕವೇ ಕೆಟ್ಟು ಸೊನ್ನೆ ತೋರಿಸಿರಬಹುದು. ಒಂದೊಂದನ್ನೂ ಲೆಕ್ಕ ಹಾಕಿದೆ. ಒಂದೊಂದೂ ಸ್ವಲ್ಪ ಸ್ವಲ್ಪ ಹೊರುತ್ತದೆ. ಎಲ್ಲವನ್ನೂ ಕೂಡಿಸಿ, ಒಂದಿಷ್ಟು ಉದಾರವಾಗಿ ನೋಡಿದರೆ, ಪೆಟ್ಟಿಗೆ ನಿಂತದ್ದಕ್ಕೆ ಕಾರಣ ಸಿಕ್ಕಿತು ಎನ್ನಬಹುದು. ದಯಾನಂದ ಹೊರಬರುವವರೆಗೆ ನಿಂತು, ನಾನು ಕೈ ಬಿಟ್ಟಾಗ ಇಳಿದದ್ದಕ್ಕೆ ಸಿಗಲಿಲ್ಲ. ಕಾಕತಾಳೀಯ ಎಂಬ ಮಾತು ಇದೆಯಲ್ಲ ಎನ್ನುತ್ತೀರಿ. ಬೇರೆಯವರಿಗೆ ಅದನ್ನು ನಾನೇ ಎಷ್ಟೋ ಸಲ ಕೊಟ್ಟಿದ್ದೇನೆ.

ಘಟನೆಯ ವಿಚಾರಣೆಗೆ ಕರೆದ ಸಭೆಯಲ್ಲಿ ಎಲ್ಲರೂ ವಾಲ್ವಿನ ಬಗ್ಗೆ ಮಾತಾಡಿದರು. ಬಿಲ್ಲೆಯ ಹಲಗೆಗೆ ಬೀಗ ಬಂತು. ಟೊಳ್ಳು ಉಳಿದ ಮೂಲೆಗೆ ಪೆಟ್ಟಿಗೆಯೊಳಗಿಂದಲೇ ಸಿಮೆಂಟಿನ ಹಾಲು ತುಂಬಿದೆವು. ನನ್ನ ಕೈಯ ವಿಷಯ ಯಾರಿಗೂ ಹೇಳಲಿಲ್ಲ. ಕಲ್ಯಾಣದಲ್ಲಿ ಒಬ್ಬ ನರರೋಗ ವೈದ್ಯರಿಗೆ ತೋರಿಸಿದೆ. ಸೂಜಿ ಚುಚ್ಚಿ, ವಿದ್ಯುತ್ ಹಾಯಿಸಿ ನೋಡಿ ಏನೂ ಇಲ್ಲ ಎಂದರು. ಎಡಗೈ ಸರಿಯಾಯಿತು. ಬಲಗೈಯ ಅಂಗೈ ಆಗಲಿಲ್ಲ.

ಇದರಾಚೆಗಿನದು ನನ್ನ ನೆನಪಿಗೆ ಸಂಬಂಧಪಟ್ಟದ್ದು. ಒಂದು ದಿನ ಲೋಕಲ್‌ನಲ್ಲಿ ನಿಂತಿದ್ದಾಗ ಹೊಳೆಯಿತು. ನಾನು ಎರಡೂ ಕೈಯಿಂದ ಕಂಬ ಹಿಡಿದಿದ್ದೆ. ಫೋನ್ ಅಷ್ಟು ದೂರದಲ್ಲಿತ್ತು. ಹಾಗಾದರೆ ದಯಾನಂದ ಮೇಲೆ ಬಂದರೆಂದು ನನಗೆ ಹೇಳಿದವರು ಯಾರು? ಅಲ್ಲಿ ಉಳಿದವರೆಲ್ಲ ಆಡಿದ ಮಾತು ನನಗೆ ಅವರವರ ಭಾಷೆಯಲ್ಲಿ ನೆನಪಿದೆ, ಕದಂನ ಹಿಂದಿ, ಬಸವರಾಜನ ಕನ್ನಡ. ಆ ಒಂದು ಮಾತು ಯಾವ ಭಾಷೆಯಲ್ಲಿತ್ತು ಎಂದು ಎಷ್ಟು ಯೋಚಿಸಿದರೂ ಸಿಗುವುದಿಲ್ಲ. ಅರ್ಥ ಮಾತ್ರ ಇದೆ.

ಬಸವರಾಜ ಆಗ ಬೇರೆ ಕೆಲಸಕ್ಕೆ ಹೋಗಿದ್ದ. ವೀಡಿಯೊ ಕಾಲ್ ಮಾಡಿ ಕೇಳಿದೆ. "ಫೋನು ವೈರಿಗೆ ಜೋತಾಡ್ತಿತ್ರೀ ಸಾಹೇಬ್ರ, ನೀವಾ ಒಗದು ಓಡಿ ಬಂದಿದ್ರಿ. ಆಮ್ಯಾಗ ನೀವಾ 'ಬಂದ' ಅಂದ್ರಿ, ಕೈ ಬಿಟ್ರಿ," ಎಂದ. ಆಮೇಲೆ, "ಒಂದ್ ಮಾತ್ ಹೇಳ್ತೀನಿ, ಬೈಬ್ಯಾಡ್ರಿ. ನೀವು ಬ್ಯಾಡಂದ್ರೂ ಜ್ವಾಳಾ ಹಾಕೀವ್ರಿ," ಎಂದ. ಬೈಯಲಿಲ್ಲ. ಕದಂನನ್ನು ಕೇಳಿದೆ. ಅವನು ಹೇಳಿದ್ದು ಇನ್ನೂ ಕಷ್ಟದ್ದು. ಫೋನ್‌ನಲ್ಲಿ ಹಲೋ ಹಲೋ ಎಂದು ಕೂಗಿ ಯಾರೂ ಉತ್ತರಿಸದೆ ಗೋಪುರದ ಕಡೆ ಓಡುವಾಗ ಅದು ಅಲುಗಿದ್ದನ್ನು ಕಂಡು, ಪೆಟ್ಟಿಗೆ ಕೂತುಬಿಟ್ಟಿತು, ಮುಗಿಯಿತು ಎಂದು ಕುಸಿದು ಕೂತನಂತೆ. ಆಮೇಲೆ ತಿರುಗಿ ನೋಡಿದರೆ ದಯಾನಂದ ದೋಣಿಯ ಅಂಚು ಹಿಡಿದು ತೇಲುತ್ತಿದ್ದರಂತೆ. ತಾನು ಯಾರಿಗೂ ಏನೂ ಹೇಳಲೇ ಇಲ್ಲ ಎಂದ. "ಮೈನೇ ಕುಛ್ ನಹೀ ಬೋಲಾ ಸಾಬ್. ಬೋಲತಾ ಕಿಸ್‌ಕೋ?"

ನನ್ನ ನೆನಪು ತಪ್ಪಿರಬಹುದು. ಬಸವರಾಜನದ್ದೂ, ಕದಂನದ್ದೂ. ಮೂವರೂ ತಪ್ಪಿರಬಹುದು. ಅಂಥ ಹೊತ್ತಿನಲ್ಲಿ ಮಿದುಳು ಘಟನೆಗಳನ್ನು ಹಿಂದುಮುಂದು ಮಾಡುತ್ತದೆ ಎಂದು ಓದಿದ್ದೇನೆ, ಒಪ್ಪುತ್ತೇನೆ. ಆದರೂ ನಾನು ಇನ್ನೂ ಕೇಳದೆ ಉಳಿದವರು ಒಬ್ಬರಿದ್ದರು.

ಕಳೆದ ವರ್ಷ ಸಾನಪಾಡಾಕ್ಕೆ ಹೋಗಿ ದಯಾನಂದರನ್ನು ಕಂಡೆ. ನೀರಿಗಿಳಿಯುವುದು ಬಿಟ್ಟಿದ್ದಾರೆ. ತಮ್ಮನ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಾರೆ, ಹೊಟ್ಟೆ ಬಂದಿದೆ. ನಾನು ಕಂಬದ ವಿಷಯ ಎತ್ತದೆ, ಅವತ್ತು ಕೆಳಗೆ ಏನಾಯಿತು ಎಂದಷ್ಟೇ ಕೇಳಿದೆ.

"ಎಂತ ಹೇಳುದು ಸಾರ್," ಎಂದರು. "ಪೆಟ್ಟಿಗೆ ಎದೆಗೆ ತಾಗಿತು. ಗೊತ್ತಾಯ್ತು ನನಗೆ, ಇವರು ಬಿಟ್ರು ಅಂತ. ಆಮೇಲೆ ನಿಂತಿತು. ಬೆಳಿಗ್ಗೆ ಡೊಂಬಿವಲಿ ಫಾಸ್ಟ್‌ನಲ್ಲಿ ಹೋಗ್ತೀರಲ್ಲ ನೀವು? ಕಾಲು ನೆಲಕ್ಕೆ ತಾಗದಿದ್ರೂ ಬೀಳುದಿಲ್ಲ, ಜನವೇ ಹಿಡ್ಕೊಳ್ತದೆ. ಹಾಗೆ. ನನ್ನ ಎರಡೂ ಬದಿ ಭುಜಕ್ಕೆ ಭುಜ ಒತ್ತಿ ಜನ ಮಲಗಿದ ಹಾಗೆ. ನಾನು ಮೆಲ್ಲ ಜಾರಿ ಬಂದೆ."

"ಹೆದರಿಕೆ ಆಗಲಿಲ್ಲವೇ?"

"ಇಲ್ಲ ಮಾರಾಯ್ರೆ. ಎಂತದೂ ಆಗ್ಲಿಲ್ಲ. ಅದೇ ಈಗ ಹೆದರಿಕೆ ಆಗುದು."

ಟೊಳ್ಳಿನಲ್ಲಿ ಸಿಕ್ಕಿದ ಕೆಸರು ಎರಡೂ ಬದಿಯಿಂದ ಒತ್ತಿದರೆ ಹಾಗೇ ಅನಿಸಬಹುದು ಎಂದು ವಿವರಿಸಲು ಬಾಯಿ ತೆರೆದವನು ಎದ್ದು ನಿಂತೆ. ಹೊರಡುವಾಗ ಅವರು ಗಲ್ಲೆಯಿಂದ ಎದ್ದು ಬಂದು ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಬಹಳ ಹೊತ್ತು ಹಿಡಿದಿದ್ದರು. ಅವರು ಹಿಡಿದಿರುವುದು ನನಗೆ ಕಾಣುತ್ತಿತ್ತು.

ಆ ಸುರಂಗ ಈಗ ಕೆಲಸ ಮಾಡುತ್ತಿದೆ. ಖಾಡಿಯ ಸೇತುವೆ ದಾಟುವಾಗ ನಾನು ಕೆಳಗೆ ನೋಡುವುದಿಲ್ಲ. ನೋಡಿದರೂ ಕಾಣುವುದು ಕಂದು ನೀರು. ಬೆಳಿಗ್ಗೆ ಡೊಂಬಿವಲಿಯಲ್ಲಿ ರೈಲು ಹತ್ತಿದರೆ ಹಲವು ಸಲ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ, ನಡುವಿನ ಕಂಬವನ್ನು ಬಲಗೈಯಲ್ಲಿ ಹಿಡಿದು. ಕೈ ಅದನ್ನು ಹಿಡಿದಿದೆಯೋ ಬಿಟ್ಟಿದೆಯೋ ನನಗೆ ತಿಳಿಯುವುದಿಲ್ಲ, ತಿರುಗಿ ನೋಡಬೇಕು. ಹಿಂದಿನಿಂದ ಜನ ಒತ್ತುತ್ತಿರುತ್ತಾರೆ. ನೋಡುತ್ತೇನೆ. ಹಿಡಿದಿರುತ್ತದೆ.